ಕುಡುಗೋಲು ಕಣದ ವಂಶವಾಹಿ ಮತ್ತು ಮೂತ್ರಪಿಂಡ ರೋಗ: ಕೊಡಗಿನ ತೋಟ ಕಾರ್ಮಿಕರ ಸಂದರ್ಭ

ಕೃಷಿ ಕಾರ್ಮಿಕರನ್ನು ಕಾಡುವ ದೀರ್ಘಕಾಲಿಕ ಮೂತ್ರಪಿಂಡ ರೋಗಕ್ಕೆ ಬಿಸಿಲು, ದುಡಿಮೆ, ಕುಡಿಯುವ ನೀರು ಇವುಗಳ ಜೊತೆಗೆ ಹುಟ್ಟಿನಿಂದಲೇ ಬರುವ ಕಾರಣಗಳೂ ಇವೆ. ಕೊಡಗಿನ ಮಟ್ಟಿಗೆ ಅವುಗಳಲ್ಲಿ ವೈದ್ಯವಿಜ್ಞಾನಕ್ಕೆ ಚೆನ್ನಾಗಿ ಪರಿಚಯವಿರುವುದು ಕೆಂಪು ರಕ್ತಕಣವನ್ನು ಬಾಗಿಸುವ ಕುಡುಗೋಲು ಕಣದ (ಸಿಕಲ್ ಸೆಲ್) ವಂಶವಾಹಿ. ಜಿಲ್ಲೆಯ ಕಾಫಿ ತೋಟಗಳಲ್ಲಿ ದುಡಿಯುವ ಯರವ, ಜೇನುಕುರುಬ, ಬೆಟ್ಟಕುರುಬ ಸಮುದಾಯಗಳಲ್ಲಿ ಇದು ಕಂಡುಬರುತ್ತದೆ. ಆಸ್ಪತ್ರೆಯ ದಾಖಲೆಗಳಲ್ಲಿ ಇದು ಬಹುಮಟ್ಟಿಗೆ ರಕ್ತಹೀನತೆಯ ಲೆಕ್ಕಕ್ಕೆ ಸೇರುತ್ತದೆ. ಮೂತ್ರಪಿಂಡಕ್ಕೆ ಅದು ಕೊಡುವ ಪೆಟ್ಟಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

1834ರಲ್ಲಿ ಕೊಡಗು ಬ್ರಿಟಿಷರ ವಶವಾಗುವ ಮೊದಲೇ ಯರವರು ಭೂಮಾಲೀಕರ ಗದ್ದೆಗಳಲ್ಲಿ ಜೀತಕ್ಕಿದ್ದವರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿಸಿದ 1843ರ ಕಾಯಿದೆ ಬಂದರೂ ಸಾಲದ ಜೀತ ಬಹುಕಾಲ ಉಳಿಯಿತು. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ ಮೇಲೆ ಕಾಡಿನ ಜಾಗವನ್ನು ತೋಟಗಳು ಆಕ್ರಮಿಸುತ್ತ ಹೋದವು. ಕಾಡನ್ನೇ ನಂಬಿದ್ದ ಕುರುಬರೂ ಕ್ರಮೇಣ ತೋಟದ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಲೈನ್ ಮನೆಗಳಿಗೆ ಬಂದರು. ಗಡಿಯಾಚೆಯ ವಯನಾಡಿನಲ್ಲಿ ಅಡಿಯರೆಂದು ಕರೆಸಿಕೊಳ್ಳುವವರು ಯರವರ ಬಳಗವೇ. ಈ ವಂಶವಾಹಿ ವಯನಾಡಿನ ಆದಿವಾಸಿಗಳಲ್ಲೂ ಇದೆ.

ಇದು ಇಲ್ಲಿ ಬೇರೂರಿದ್ದಕ್ಕೆ ಕಾರಣ ಮಲೇರಿಯಾ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ವಂಶವಾಹಿ ಪಡೆದ ವಾಹಕರು ಮಾರಕ ಮಲೇರಿಯಾವನ್ನು ಇತರರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ ಎಂಬುದನ್ನು ಆಂಟನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿಕೊಟ್ಟರು. ಕೊಡಗು, ವಯನಾಡು, ನೀಲಗಿರಿಯ ತಪ್ಪಲು ಚಳಿಜ್ವರಕ್ಕೆ ಕುಖ್ಯಾತವಾಗಿದ್ದ ಸೀಮೆ. ತಲೆಮಾರುಗಳವರೆಗೆ ಜೀವ ಉಳಿಸಿದ ವಂಶವಾಹಿಯೇ ಇಬ್ಬರು ವಾಹಕರ ಮಕ್ಕಳಿಗೆ ರೋಗವಾಗಿ ಬರುತ್ತದೆ. ಅಂಥ ದಂಪತಿಗೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಂಭವ ಶೇ. 25.

ಭಾರತದಲ್ಲಿ ಈ ವಂಶವಾಹಿ ಪತ್ತೆಯಾದದ್ದು 1952ರಲ್ಲಿ. ಆ ವರ್ಷ ಲೆಹ್ಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲೂ, ಡನ್‌ಲಪ್ ಮತ್ತು ಮಜುಂದಾರ್ ಮೇಲಣ ಅಸ್ಸಾಮಿನ ಚಹಾ ತೋಟದ ಕಾರ್ಮಿಕರಲ್ಲೂ ಇದನ್ನು ವರದಿ ಮಾಡಿದರು. ಎರಡನೆಯ ವರದಿ ಕೊಡಗಿಗೆ ಹೊರಗಿನದೇನಲ್ಲ. ಈಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಕಾರ್ಮಿಕರೂ ಇಲ್ಲಿನ ಲೈನ್ ಮನೆಗಳಲ್ಲಿದ್ದಾರೆ. ತಪಾಸಣೆಯನ್ನು ಸ್ಥಳೀಯ ಬುಡಕಟ್ಟುಗಳಿಗಷ್ಟೇ ಸೀಮಿತಗೊಳಿಸಿದರೆ ಈ ವಲಸೆ ಕಾರ್ಮಿಕರಲ್ಲಿ ಇರಬಹುದಾದ ರೋಗಿಗಳು ಕಣ್ತಪ್ಪುತ್ತಾರೆ.

ಮೂತ್ರಪಿಂಡದ ಸಂಗತಿ ಈ ರೋಗದ ಮೊದಲ ವರದಿಯಲ್ಲೇ ಇತ್ತು. 1910ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಗ್ರೆನಡಾ ದ್ವೀಪದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಬಾಗಿದ ಕೆಂಪುಕಣಗಳನ್ನು ವರ್ಣಿಸಿದಾಗ, ಅವನ ಮೂತ್ರ ಹೆಚ್ಚು ಪ್ರಮಾಣದಲ್ಲಿ, ತೆಳುವಾಗಿ ಹೋಗುತ್ತಿದ್ದುದನ್ನೂ ಬರೆದಿದ್ದರು. ಕಾರಣ ತಿಳಿದದ್ದು ಮುಂದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕೂತಿರುತ್ತದೆ. ಇಂಥ ಹಿಮೋಗ್ಲೋಬಿನ್ ಆಮ್ಲಜನಕ ಕಡಿಮೆಯಾದ ಕಡೆ ಎಳೆಎಳೆಯಾಗಿ ಗಟ್ಟಿಗೊಂಡು ಕಣವನ್ನು ಕುಡುಗೋಲಿನಂತೆ ಬಾಗಿಸುತ್ತದೆ. ಮೂತ್ರಪಿಂಡದ ಒಳಭಾಗವಾದ ಮೆಡುಲ್ಲಾದಲ್ಲಿ ಆಮ್ಲಜನಕ ಸಹಜವಾಗಿಯೇ ಕಡಿಮೆ, ಉಪ್ಪಿನಂಶ ಹೆಚ್ಚು, ಆಮ್ಲೀಯತೆಯೂ ಹೆಚ್ಚು. ಕಣ ಬಾಗಲು ಬೇಕಾದದ್ದೆಲ್ಲ ಅಲ್ಲಿದೆ. ಸಣ್ಣ ರಕ್ತನಾಳಗಳು ಕಟ್ಟಿಕೊಂಡು ನಾಶವಾದಂತೆ ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ ಬಾಲ್ಯದಲ್ಲೇ ಕುಗ್ಗುತ್ತದೆ. ನೀರು ಕಡಿಮೆ ಕುಡಿದರೂ ದೇಹ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಮೈಯ ನೀರು ಇಳಿದರೆ ಕಣಗಳು ಇನ್ನಷ್ಟು ಬಾಗುತ್ತವೆ. ಮುಂದೆ ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತದೆ, ಕೆಲವರಲ್ಲಿ ರಕ್ತವೂ ಕಾಣಿಸುತ್ತದೆ, ಕೊನೆಗೆ ಡಯಾಲಿಸಿಸ್‌ವರೆಗೆ ಹೋಗಬಹುದು. ಮೊದಲ ವರ್ಷಗಳಲ್ಲಿ ಮೂತ್ರಪಿಂಡ ಅತಿಯಾಗಿ ಸೋಸುವುದರಿಂದ, ಅದರ ಆರೋಗ್ಯ ಅಳೆಯಲು ನೋಡುವ ರಕ್ತದ ಕ್ರಿಯಾಟಿನಿನ್ ಸರಿಯಾಗಿರುವಂತೆಯೇ ಕಾಣುತ್ತದೆ. ಅದೊಂದನ್ನೇ ನಂಬಿದವರು ಮೋಸಹೋಗುತ್ತಾರೆ. ಮೂತ್ರದ ಅಲ್ಬುಮಿನ್ ಪರೀಕ್ಷೆಯೇ ಮೊದಲ ಸೂಚನೆ ಕೊಡುವುದು.

ವಾಹಕರನ್ನು ಆರೋಗ್ಯವಂತರೆಂದು ಹೇಳಿ ಕಳುಹಿಸುವುದು ರೂಢಿ. ನಿತ್ಯದ ಬದುಕಿಗೆ ಅದು ಬಹುಪಾಲು ನಿಜ. ಆದರೆ 2014ರಲ್ಲಿ ಅಮೆರಿಕದ ಸುಮಾರು 16,000 ಆಫ್ರಿಕನ್ ಮೂಲದವರ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನ, ವಾಹಕರಲ್ಲೂ ದೀರ್ಘಕಾಲಿಕ ಮೂತ್ರಪಿಂಡ ರೋಗದ ಸಂಭವ ಸುಮಾರು ಒಂದೂವರೆ ಪಟ್ಟು ಹೆಚ್ಚೆಂದು ತೋರಿಸಿತು. ಭಾರತದಲ್ಲಿ ಕಾಣುವ ಅರಬ್-ಭಾರತೀಯ ಮಾದರಿಯ ವಂಶವಾಹಿ ಇರುವ ರೋಗಿಗಳಲ್ಲಿ ಭ್ರೂಣಕಾಲದ ಹಿಮೋಗ್ಲೋಬಿನ್ ಹೆಚ್ಚು ಉಳಿಯುವುದರಿಂದ ರೋಗ ಆಫ್ರಿಕಾದ ಮಾದರಿಗಳಿಗಿಂತ ಸಾಮಾನ್ಯವಾಗಿ ಸೌಮ್ಯ. ಹಾಗಾಗಿ ಅಮೆರಿಕದ ಅಂಕಿಯನ್ನು ಕೊಡಗಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಆದರೂ ವಾಹಕ ಕಾರ್ಮಿಕರನ್ನು ಲೆಕ್ಕದಿಂದ ಕೈಬಿಡುವುದು ಸರಿಯಲ್ಲ.

ಯಾಕೆಂದರೆ ಅಪಾಯವನ್ನು ಹೆಚ್ಚಿಸುವ ಸಂಗತಿಗಳು ತೋಟದಲ್ಲೇ ಇವೆ. ಕಾಫಿ ಕೊಯ್ಲು ಮಳೆಯಿಲ್ಲದ ತಿಂಗಳುಗಳಲ್ಲಿ ನಡೆಯುತ್ತದೆ. ಕೊಯ್ದ ಹಣ್ಣಿನ ತೂಕಕ್ಕೆ ಕೂಲಿಯಾದಾಗ ನೀರು ಕುಡಿಯಲು ಎದ್ದು ಹೋಗುವುದೂ ನಷ್ಟ. ಶೌಚಕ್ಕೆ ಮರೆಯಿಲ್ಲದ ಕಡೆ ಹೆಂಗಸರು ನೀರನ್ನೇ ಕಡಿಮೆ ಕುಡಿಯುತ್ತಾರೆ. ಮೈಕೈ ನೋವಿಗೆ, ರೋಗಿಗಳಾದರೆ ಮೂಳೆ ಸೀಳುವಂಥ ನೋವಿಗೆ, ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆ ನುಂಗಿದರೆ ಮೂತ್ರಪಿಂಡದ ರಕ್ತಸಂಚಾರ ಮತ್ತಷ್ಟು ತಗ್ಗುತ್ತದೆ. ವಂಶವಾಹಿಯನ್ನು ಬದಲಿಸಲಾಗದಿದ್ದರೂ ಇವೆಲ್ಲವನ್ನೂ ಬದಲಿಸಬಹುದು.

ಬೇರೆಡೆಯ ಅನುಭವವೂ ಇದಕ್ಕೆ ಪೂರಕ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದಲ್ಲಿ, ಆಂಧ್ರದ ಉದ್ದಾನಂನಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ರೈತ-ಕೂಲಿಗಳಿಗೂ ಮೂತ್ರಪಿಂಡ ಕೈಕೊಟ್ಟಿದೆ. ಶ್ರೀಲಂಕಾದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನ SLC13A3 ಎಂಬ ವಂಶವಾಹಿಯ ಒಂದು ರೂಪಾಂತರಕ್ಕೆ ನಂಟು ಕಂಡರೂ, ಅದೊಂದರಿಂದ ರೋಗ ವಿವರಿಸಲಾಗದು. ಮೂತ್ರಪಿಂಡ ರೋಗದ ಅಪಾಯ ಹೆಚ್ಚಿಸುವವೆಂದು 2010ರಲ್ಲಿ ಗುರುತಾದ APOL1 ವಂಶವಾಹಿಯ ರೂಪಾಂತರಗಳು ಪಶ್ಚಿಮ ಆಫ್ರಿಕಾ ಮೂಲದವು. ಕರ್ನಾಟಕದಲ್ಲಿ ಆ ಪ್ರಶ್ನೆ ಏಳುವುದಾದರೆ ಅದು ಆಫ್ರಿಕಾ ಮೂಲದ, ಉತ್ತರ ಕನ್ನಡದ ಸಿದ್ದಿಗಳ ವಿಷಯದಲ್ಲಿ, ಕೊಡಗಿನಲ್ಲಲ್ಲ.

ರಾಜ್ಯದಲ್ಲಿ ಕುಡುಗೋಲು ಕಣ ರೋಗದತ್ತ ಮೊದಲು ಗಮನ ಸೆಳೆದವರಲ್ಲಿ ಡಾ. ಎಚ್. ಸುದರ್ಶನ್ ಪ್ರಮುಖರು. ಅವರು 1981ರಲ್ಲಿ ಬಿಳಿಗಿರಿರಂಗನಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿನ ಸೋಲಿಗ ಬುಡಕಟ್ಟಿನವರ ನಡುವೆ ಈ ರೋಗದ ಬಗ್ಗೆ ಕೆಲಸ ಮಾಡಿತು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ, ಈ ರೋಗದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ವಯಸ್ಸಿನ ಈ ಮಿತಿ ಮದುವೆ, ಹೆರಿಗೆಯನ್ನು ಮನಸ್ಸಿನಲ್ಲಿಟ್ಟದ್ದು. ಆದರೆ ಮೂತ್ರಪಿಂಡ ಸೋಲುವುದು ಹೆಚ್ಚಾಗಿ ನಡುವಯಸ್ಸಿಗೆ.

ಚಿಕಿತ್ಸೆಗೆ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಇದೆ. ಎನಾಲಪ್ರಿಲ್ ಈ ರೋಗಿಗಳ ಮೂತ್ರದ ಪ್ರೋಟೀನ್ ಸೋರಿಕೆಯನ್ನು ತಗ್ಗಿಸುತ್ತದೆಂದು 1992ರಲ್ಲೇ ಗೊತ್ತಾಗಿದೆ. ಎರಡನ್ನೂ ವರ್ಷಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕು, ನಡುನಡುವೆ ರಕ್ತ ಪರೀಕ್ಷೆ ಆಗಬೇಕು. ಕೊಡಗಿನಲ್ಲಿ ಇದಕ್ಕೆ ದೊಡ್ಡ ಅಡ್ಡಿ ರೋಗಿಗಳಿಗೆ ಸ್ಥಿರ ವಿಳಾಸವಿಲ್ಲದಿರುವುದು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಿನಿಂದ ಎಬ್ಬಿಸಲಾದ ನೂರಾರು ಆದಿವಾಸಿ ಕುಟುಂಬಗಳ ಬೇಡಿಕೆಯೇ ಸ್ವಂತ ನೆಲೆಯಾಗಿತ್ತು. ಮುಂದೆ ಅವರಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಸಿಕ್ಕಿತು. ಆದರೆ ಲೈನ್ ಮನೆಯಲ್ಲಿರುವವರು ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕಾಗುತ್ತದೆ, ಅದರೊಂದಿಗೆ ಅವರನ್ನು ಹುಡುಕಿಕೊಂಡು ಬರುವ ಆಶಾ ಕಾರ್ಯಕರ್ತೆಯ ಪಟ್ಟಿಯಿಂದಲೂ ಕಳಚಿಹೋಗುತ್ತಾರೆ.