ನಾಟಾ ಸಂಗ್ರಹಾಲಯದ ದಿಮ್ಮಿಗಳಲ್ಲಿ ಸಹಜ ಕೊಳೆತವನ್ನು ಗುರುತಿಸುವುದು: ಖರೀದಿದಾರರಿಗೆ ಮಾಹಿತಿ

ಸರ್ಕಾರಿ ನಾಟಾ ಸಂಗ್ರಹಾಲಯಗಳಲ್ಲಿ ದಿಮ್ಮಿಗಳನ್ನು ಸಾಮಾನ್ಯವಾಗಿ "ಇರುವ ಸ್ಥಳದಲ್ಲಿ, ಇರುವ ಸ್ಥಿತಿಯಲ್ಲಿ" ಎಂಬ ಷರತ್ತಿನ ಮೇಲೆ ಹರಾಜು ಮಾಡಲಾಗುತ್ತದೆ. ಬಿಡ್ ಅಂಗೀಕಾರವಾದ ನಂತರ ಕೊಯ್ಯುವಾಗ ಒಳಗೆ ಕೊಳೆತ ಕಂಡುಬಂದಲ್ಲಿ ಆ ನಷ್ಟವನ್ನು ಖರೀದಿದಾರರೇ ಭರಿಸಬೇಕಾಗುತ್ತದೆ. ವಿದ್ಯುನ್ಮಾನ ಹರಾಜಿಗೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ಬಿಡ್ ಸಲ್ಲಿಸುವ ಮುನ್ನ ದಿಮ್ಮಿಗಳನ್ನು ಖುದ್ದಾಗಿ ಪರಿಶೀಲಿಸುವುದು ಅವಶ್ಯಕ.

ಕೊಳೆತಕ್ಕೆ ಕಾರಣ

ಮರ ಕೊಳೆಯುವುದು ಶಿಲೀಂಧ್ರಗಳಿಂದ. ಅವು ಬೆಳೆಯಲು ತೇವ, ಗಾಳಿ ಮತ್ತು ಬೆಚ್ಚನೆಯ ಹವೆ ಬೇಕು. ತೇವಾಂಶವು ಶೇ. 20ಕ್ಕಿಂತ ಕಡಿಮೆ ಇರುವ ಒಣಮರದಲ್ಲಿ ಕೊಳೆತ ಉಂಟಾಗುವುದಿಲ್ಲ. ಪೂರ್ಣವಾಗಿ ನೀರಿನಲ್ಲಿ ಮುಳುಗಿರುವ ಮರವೂ ಗಾಳಿಯ ಅಭಾವದಿಂದ ಬಹುಕಾಲ ಕೆಡುವುದಿಲ್ಲ. ಮಳೆಗಾಲದಲ್ಲಿ ನೆಲಕ್ಕೆ ತಾಗಿ ಬಿದ್ದಿರುವ ದಿಮ್ಮಿಯೇ ಬೇಗ ಹಾಳಾಗುವುದು.

ಜಾತಿವಾರು ಬಾಳಿಕೆ

ಬಾಳಿಕೆಯ ಗುಣವಿರುವುದು ಚೇಗಿನಲ್ಲಿ ಮಾತ್ರ. ಹೊರಸುತ್ತಿನ ಬಿಳಿಯ ಭಾಗವು ಯಾವ ಜಾತಿಯದಾದರೂ ಬೇಗ ಕೆಡುತ್ತದೆ. ಚೇಗಿನ ತುಂಡುಗಳನ್ನು ನೆಲದಲ್ಲಿ ಅರ್ಧ ಹೂತು ಪರೀಕ್ಷಿಸಿ, ಸರಾಸರಿ ಬಾಳಿಕೆಯ ಆಧಾರದ ಮೇಲೆ ಮೂರು ವರ್ಗಗಳನ್ನು ಮಾಡಲಾಗಿದೆ.

1. ಹೆಚ್ಚು ಬಾಳಿಕೆ (120 ತಿಂಗಳು ಮತ್ತು ಮೇಲ್ಪಟ್ಟು): ತೇಗ, ಬೀಟೆ, ಹೊನ್ನೆ.
2. ಮಧ್ಯಮ ಬಾಳಿಕೆ (60ರಿಂದ 120 ತಿಂಗಳೊಳಗೆ): ಮತ್ತಿ.
3. ಕಡಿಮೆ ಬಾಳಿಕೆ (60 ತಿಂಗಳಿಗಿಂತ ಕಡಿಮೆ): ಮಾವು, ಬೂರುಗ.

ಮೂರನೆಯ ವರ್ಗದ ದಿಮ್ಮಿಯು ಒಂದು ಮಳೆಗಾಲ ಕಳೆದಿದ್ದರೆ ವಿಶೇಷ ಎಚ್ಚರಿಕೆ ವಹಿಸಬೇಕು.

ಪರಿಶೀಲಿಸುವ ಕ್ರಮ

1. ದಿಮ್ಮಿಯ ಎರಡೂ ತುದಿಗಳನ್ನು ನೋಡಿರಿ. ಒಂದೇ ತುದಿಯಲ್ಲಿ ಟೊಳ್ಳು ಇದ್ದರೆ ಅದು ಉದ್ದಕ್ಕೂ ಹರಡಿರಲಾರದು. ಎರಡೂ ಕಡೆ ಕಂಡರೆ ಇಡೀ ಉದ್ದಕ್ಕೆ ಇದೆಯೆಂದೇ ಲೆಕ್ಕ ಹಾಕುವುದು ಕ್ಷೇಮ.
2. ಸುತ್ತಿಗೆಯಿಂದ ಹಲವು ಕಡೆ ತಟ್ಟಿರಿ. ಗಟ್ಟಿ ಮರವು ಖಣಿಲ್ ಎನ್ನುತ್ತದೆ. ಲಡ್ಡಾದ ಮರದಿಂದ ಮಂಕು ಶಬ್ದ ಬರುತ್ತದೆ.
3. ಸಂಗ್ರಹಾಲಯದ ಸಿಬ್ಬಂದಿಯ ಅನುಮತಿ ಪಡೆದು ದಬ್ಬಳದಿಂದ ಚುಚ್ಚಿ ಸಿಬಿರೆಬ್ಬಿಸಿರಿ. ಒಳ್ಳೆಯ ಮರ ಉದ್ದನೆಯ ಸಿಬಿರಾಗಿ ಏಳುತ್ತದೆ. ಕೊಳೆತದ್ದು ತುಂಡಾಗಿ ಮುರಿಯುತ್ತದೆ.
4. ನೆಲಕ್ಕೆ ತಾಗಿದ ಮಗ್ಗುಲನ್ನು ಅವಶ್ಯವಾಗಿ ನೋಡಿರಿ. ಅಣಬೆ ಎದ್ದಿದ್ದರೆ ಒಳಗೆ ಕೊಳೆತ ಬಹಳ ಮುಂದುವರಿದಿದೆ ಎಂದರ್ಥ.
5. ನೀಲಿ ಅಥವಾ ಕಪ್ಪು ಕಲೆ ಮಾತ್ರ ಇದ್ದಲ್ಲಿ ಅದು ಬಣ್ಣದ ದೋಷ. ಮರದ ಬಲ ಅಷ್ಟಾಗಿ ಕುಂದಿರುವುದಿಲ್ಲ. ಆದರೆ ತೇವ ಹೆಚ್ಚಿದ್ದುದಕ್ಕೆ ಅದು ಸೂಚನೆ.

ನಷ್ಟದ ಲೆಕ್ಕ

ದಿಮ್ಮಿಯ ಘನ ಅಳತೆಯನ್ನು ಕಾಲು ಸುತ್ತಳತೆಯ ಸೂತ್ರದಿಂದ ತೆಗೆಯುವುದು ರೂಢಿ: ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಬೇಕು.

ಉದಾಹರಣೆ: ಸುತ್ತಳತೆ 160 ಸೆಂ.ಮೀ., ಉದ್ದ 4 ಮೀಟರ್ ಇದ್ದರೆ 0.40 × 0.40 × 4 = 0.64 ಘನ ಮೀಟರ್. ಈ ದಿಮ್ಮಿಯ ವ್ಯಾಸ ಸುಮಾರು 51 ಸೆಂ.ಮೀ.

ಅ) ನಡುವೆ 10 ಸೆಂ.ಮೀ. ವ್ಯಾಸದ ಟೊಳ್ಳು ಉದ್ದಕ್ಕೂ ಇದ್ದರೆ ನಷ್ಟ ಸುಮಾರು ಶೇ. 4.
ಆ) ಹೊರಸುತ್ತಿನಲ್ಲಿ ಎಲ್ಲೆಡೆ 5 ಸೆಂ.ಮೀ. ಆಳ ಕೊಳೆತಿದ್ದರೆ ಉಳಿಯುವ ಗಟ್ಟಿಮರ ಸುಮಾರು 0.41 ಘನ ಮೀಟರ್, ನಷ್ಟ ಶೇ. 35.

ಕಣ್ಣಿಗೆ ರಾಚುವ ನಡುವಿನ ಟೊಳ್ಳಿಗೆ ಹೆದರಿ ಒಳ್ಳೆಯ ದಿಮ್ಮಿಯನ್ನು ಬಿಡುವವರೂ, ತೊಗಟೆಯಡಿಯ ಕೊಳೆತವನ್ನು ಅಲಕ್ಷಿಸಿ ಪೂರ್ಣ ಬೆಲೆ ಕೊಡುವವರೂ ಇದ್ದಾರೆ. ಹೊರಗಿನ ಐದು ಸೆಂ.ಮೀ. ಕೊಳೆತವು ನಡುವಿನ 30 ಸೆಂ.ಮೀ. ಟೊಳ್ಳಿಗೆ ಸಮ ಎಂಬುದನ್ನು ನೆನಪಿಡುವುದು. ಆದರೆ ತೊಲೆಯಂತಹ ದಪ್ಪ ಅಳತೆ ಬೇಕಾದವರಿಗೆ ಸಣ್ಣ ಟೊಳ್ಳೂ ಅಡ್ಡಿಯಾಗಬಹುದು. ಬಿಡ್ಡಿನ ಮೊತ್ತವನ್ನು ಪಟ್ಟಿಯಲ್ಲಿನ ಅಳತೆಯ ಮೇಲಲ್ಲದೆ, ಉಪಯೋಗಕ್ಕೆ ಬರುವ ಗಟ್ಟಿಮರದ ಮೇಲೆ ನಿರ್ಧರಿಸುವುದು ಸೂಕ್ತ.

ಖರೀದಿಯ ನಂತರ

ದಿಮ್ಮಿಗಳನ್ನು ನಿಗದಿತ ಅವಧಿಯೊಳಗೆ ಸಾಗಿಸಿ, ಬೇಗನೆ ಕೊಯ್ಯಿಸಿ, ಹಲಗೆಗಳ ನಡುವೆ ಗಾಳಿಯಾಡುವಂತೆ ಪಟ್ಟಿ ಇಟ್ಟು ನೆರಳಿನಲ್ಲಿ ಒಣಗಿಸಬೇಕು. ಕೊಯ್ಯುವುದು ತಡವಾದಲ್ಲಿ ದಿಮ್ಮಿಗಳನ್ನು ನೆಲದಿಂದ ಎತ್ತರಿಸಿ ಇಡಬೇಕು.

ಪರಿಶೀಲನೆಯ ದಿನ, ವೇಳೆ ಹಾಗೂ ಹರಾಜಿನ ಷರತ್ತುಗಳಿಗಾಗಿ ಸಂಬಂಧಪಟ್ಟ ಸಂಗ್ರಹಾಲಯದ ಅಧಿಕಾರಿಗಳನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.