ಕಮಿಷನ್ನಿನ ಕಥೆ: ಥಾಣೆಯ ರೈಲಿನಿಂದ ಮೊಬೈಲ್ ಲಿಂಕಿನವರೆಗೆ

ಥಾಣೆಯಲ್ಲಿ ವರ್ತಕ ನಗರ ಎಂಬ ಬಡಾವಣೆಯಿದೆ. ಮರಾಠಿಯಲ್ಲಿ ವರ್ತಕ್ ಎಂಬುದು ಒಂದು ಮನೆತನದ ಹೆಸರು. ಕನ್ನಡದ ಕಿವಿಗೆ ಮಾತ್ರ ಅದು ವ್ಯಾಪಾರಿಗಳ ಊರು ಎಂದೇ ಕೇಳಿಸುತ್ತದೆ. ನಮ್ಮ ಭಾಷೆಯಲ್ಲಿ ವರ್ತಕ ಎಂದರೆ ಸರಕು ಕೊಂಡು ಮಾರುವವನು. ಮಾಲು ಉಳಿದರೆ ನಷ್ಟ ಅವನದು, ಬೆಲೆ ಏರಿದರೆ ಲಾಭವೂ ಅವನದು. ತನ್ನದೇ ಸರಕಿಲ್ಲದೆ, ಕೊಳ್ಳುವವನನ್ನು ಮಾರುವವನ ಬಾಗಿಲಿಗೆ ಕರೆತಂದು ಪಾಲು ಪಡೆಯುವವನು ದಲ್ಲಾಳಿ.

ಹೊಟೇಲು, ವಿಮಾನ, ಬಸ್ಸು ಕಾಯ್ದಿರಿಸುವ ಜಾಲತಾಣಗಳ ಲಿಂಕ್ ಹಂಚಿ ಸಂಪಾದಿಸುವ ಕಸುಬಿಗೆ ಈಗ 'ಅಫಿಲಿಯೇಟ್ ಮಾರ್ಕೆಟಿಂಗ್' ಎಂಬ ಹೆಸರಿದೆ. ಹೆಸರು ಹೊಸದು, ಕಸುಬು ಹಳೆಯ ದಲ್ಲಾಳಿಯದೇ. ಕೆಲಸ ಬಿಟ್ಟು ಇದನ್ನೇ ಹಿಡಿಯೋಣವೇ ಎಂದು ಯೋಚಿಸುವವರು ಇದರ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದು. ಅದರಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ: ಪ್ರಯಾಣದ ಕಮಿಷನ್ ಎಷ್ಟಿರಬೇಕೆಂದು ದಲ್ಲಾಳಿ ನಿರ್ಧರಿಸಿದ್ದು ಅಪರೂಪ. ಅದನ್ನು ನಿರ್ಧರಿಸಿದ್ದು ಟಿಕೆಟ್ಟಿನ ಒಡೆಯ.

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. 14 ಡಬ್ಬಿ, ಮೂರು ಎಂಜಿನ್, ಸುಮಾರು 400 ಅತಿಥಿಗಳು, ಸುಮಾರು 34 ಕಿಲೋಮೀಟರ್ ದಾರಿ. ಅವತ್ತು ಬಂದವರೆಲ್ಲ ಆಹ್ವಾನಿತರು, ನಡುವೆ ದಲ್ಲಾಳಿಗೆ ಜಾಗವಿರಲಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಆ ಜಾಗ ಅಷ್ಟರಲ್ಲೇ ಹುಟ್ಟಿತ್ತು. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಮರಗೆಲಸದವನು ಪಾನವಿರೋಧಿ ಸಭೆಗೆಂದು ಲೀಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ತಲೆಗೊಂದು ಶಿಲ್ಲಿಂಗ್‌ನಂತೆ ರೈಲಿನಲ್ಲಿ ಕರೆದೊಯ್ದ. 1845ರಲ್ಲಿ ಲಿವರ್‌ಪೂಲ್ ಪ್ರವಾಸವನ್ನು ಲಾಭಕ್ಕಾಗಿಯೇ ಏರ್ಪಡಿಸಿದ. ಆ ಪ್ರವಾಸಕ್ಕೆ ದಾರಿಯ ಊರುಗಳನ್ನು ವಿವರಿಸುವ ಒಂದು ಕೈಪಿಡಿಯನ್ನೂ ಅಚ್ಚು ಹಾಕಿಸಿದ. ಊರಿನ ಬಗ್ಗೆ ಬರೆದು, ಓದಿದವರಿಗೆ ಟಿಕೆಟ್ ಕೊಡಿಸುವುದು ಇವತ್ತಿನ ಪ್ರವಾಸಿ ಬರಹಗಾರರೂ ಮಾಡುವ ಕೆಲಸವೇ.

ನಮ್ಮ ಕಡೆ ಈ ಕಸುಬು ಬೇರೆ ರೂಪದಲ್ಲಿ ಬೆಳೆಯಿತು. ಹೊಟ್ಟೆಪಾಡಿಗೆ ಮುಂಬಯಿ ಸೇರಿದ ದಕ್ಷಿಣ ಕನ್ನಡ, ಉಡುಪಿಯವರಿಗೆ ಬಹುಕಾಲ ಊರಿಗೆ ನೇರ ರೈಲಿರಲಿಲ್ಲ. ಹಗಲು ರಾತ್ರಿ ಓಡುವ ಬಸ್ಸೇ ಹೆಚ್ಚಿನವರಿಗೆ ಗತಿ. ಬಸ್ಸಿನ ಸೀಟು ಏಜೆಂಟರ ಕೈಯಲ್ಲಿತ್ತು. ಸೀಟಿನ ನಕ್ಷೆ ಒಂದು ಪುಸ್ತಕ, ಮಾಲೀಕರ ಕಚೇರಿಗೆ ಒಂದು ಫೋನು, ಪ್ರತಿ ಟಿಕೆಟ್ಟಿಗೆ ಇಷ್ಟು ಎಂಬ ಪಾಲು. ಈ ಏಜೆಂಟನಿಗೂ ಬಸ್ಸು ತನ್ನದಲ್ಲ. ಆದರೆ ಯಾವ ಮನೆಯವರು ಯಾವ ಜಾತ್ರೆಗೆ ಹೋಗುತ್ತಾರೆ, ಯಾರ ಮನೆಯಲ್ಲಿ ಮದುವೆ, ಯಾರಿಗೆ ಮುಂದಿನ ಸೀಟೇ ಬೇಕು ಎಂಬುದು ಅವನಿಗೆ ಗೊತ್ತು. ಅದೇ ಅವನ ಬಂಡವಾಳ.

ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಅದರ ಮುಖ್ಯ ಕಚೇರಿ ನವಿ ಮುಂಬಯಿಯ ಬೇಲಾಪುರದಲ್ಲಿದೆ. 1998ರಲ್ಲಿ ದಾರಿ ಪೂರ್ತಿ ತೆರೆಯಿತು. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂತು. ಥಾಣೆ, ಪನ್ವೇಲ್‌ನಲ್ಲೇ ಹತ್ತಿ ಕರಾವಳಿಯಲ್ಲಿ ಇಳಿಯಬಹುದಾಯಿತು. 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿ ಇಂಟರ್ನೆಟ್ಟಿನಲ್ಲಿ ರೈಲು ಟಿಕೆಟ್ ಮಾರತೊಡಗಿತು. ಇಲ್ಲಿ ಕಾನೂನಿನ ಗೆರೆಯೂ ಇದೆ: 1989ರ ರೈಲ್ವೆ ಕಾಯ್ದೆಯ 143ನೇ ಕಲಮಿನ ಪ್ರಕಾರ ಅಧಿಕೃತ ಏಜೆಂಟನಲ್ಲದವನು ಟಿಕೆಟ್ ಕೊಡಿಸುವುದನ್ನು ವ್ಯಾಪಾರ ಮಾಡಿಕೊಂಡರೆ ಮೂರು ವರ್ಷದವರೆಗೆ ಜೈಲಾಗಬಹುದು. ಸ್ವಂತ ಖಾತೆಯಿಂದ ನಾಲ್ಕು ಜನರಿಗೆ ಟಿಕೆಟ್ ತೆಗೆದು ಲಾಭ ಇಟ್ಟುಕೊಳ್ಳುವವರು ಇದನ್ನು ಮರೆಯಬಾರದು.

ಟಿಕೆಟ್ಟಿನ ಒಡೆಯ ನಡುವಿನವರನ್ನು ಬಿಟ್ಟು ನಡೆಯುವ ಪ್ರಯೋಗ ಬೆಂಗಳೂರಿನಲ್ಲಿ ಜೋರಾಗಿಯೇ ನಡೆಯಿತು. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟಿನಲ್ಲಿ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಾಟ ಶುರುಮಾಡಿದಾಗ ದರ ಇಳಿಸಲು ಕಂಡುಕೊಂಡ ದಾರಿಗಳಲ್ಲಿ ಒಂದು, ಇಂಟರ್ನೆಟ್ಟಿನಲ್ಲಿ ತಾನೇ ಟಿಕೆಟ್ ಮಾರುವುದು. ಬಸ್ಸಿನ ಕಥೆ ಇನ್ನೊಂದು. 2005ರ ದೀಪಾವಳಿಗೆ ಹೈದರಾಬಾದಿಗೆ ಹೋಗಲು ಟಿಕೆಟ್ ಸಿಗದ ಎಂಜಿನಿಯರ್ ಫಣೀಂದ್ರ ಸಾಮ ಮತ್ತು ಗೆಳೆಯರು 2006ರಲ್ಲಿ ಬೆಂಗಳೂರಿನಿಂದ ರೆಡ್‌ಬಸ್ ಆರಂಭಿಸಿದರು. ಒಬ್ಬ ಏಜೆಂಟನ ಬಳಿ ಕೆಲವೇ ಬಸ್ಸುಗಳ ಸೀಟು ಇರುತ್ತಿತ್ತು. ಅವನ ಮೇಜಿನ ಮೇಲಿದ್ದ ಪುಸ್ತಕ ಈಗ ಎಲ್ಲರ ಪರದೆಗೆ ಬಂತು. ಕಮಿಷನ್ ಮಾಯವಾಗಲಿಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

ವಿಮಾನದ ಟಿಕೆಟ್ಟಿನಲ್ಲಿ ಇದು ಅಮೆರಿಕದಲ್ಲಿ ಮೊದಲೇ ಆಗಿತ್ತು. 1995ರ ಫೆಬ್ರವರಿಯಲ್ಲಿ ಡೆಲ್ಟಾ ಕಂಪನಿ ದೇಶದೊಳಗಿನ ಹೋಗಿ-ಬರುವ ಟಿಕೆಟ್ಟಿಗೆ 50 ಡಾಲರಿಗಿಂತ ಹೆಚ್ಚು ಕಮಿಷನ್ ಕೊಡುವುದಿಲ್ಲ ಎಂದಿತು, ಉಳಿದವರು ಹಿಂಬಾಲಿಸಿದರು. 2002ರ ಹೊತ್ತಿಗೆ ಅಲ್ಲಿ ಮೂಲ ಕಮಿಷನ್ನೇ ನಿಂತುಹೋಯಿತು. ಏಜೆಂಟರನ್ನು ಯಾರೂ ಕೇಳಿರಲಿಲ್ಲ.

ಇದೇ ವರ್ಷಗಳಲ್ಲಿ ಇಂಟರ್ನೆಟ್ಟಿನ ದಲ್ಲಾಳಿ ಹುಟ್ಟಿದ. 1996ರ ಜುಲೈಯಲ್ಲಿ ಅಮೆಜಾನ್ ತನ್ನ ಅಸೋಸಿಯೇಟ್ಸ್ ಯೋಜನೆ ತೆರೆಯಿತು. ಯಾರು ಬೇಕಾದರೂ ತಮ್ಮ ಪುಟದಲ್ಲಿ ಲಿಂಕ್ ಹಾಕಬಹುದು, ಆ ದಾರಿಯಲ್ಲಿ ಬಂದವರು ಕೊಂಡರೆ ಪಾಲು. ಯಾರಿಂದ ಬಂದರು ಎಂಬುದನ್ನು ನೆನಪಿಡಲು ಬ್ರೌಸರಿನಲ್ಲಿ 'ಕುಕೀ' ಎಂಬ ಸಣ್ಣ ಗುರುತು. ಅದಕ್ಕೆ ಆಯುಸ್ಸಿದೆ, ಅಮೆಜಾನಿನಲ್ಲಿ ಸಾಮಾನ್ಯವಾಗಿ 24 ಗಂಟೆ. ಪ್ರಯಾಣದಲ್ಲಿ ಇನ್ನೊಂದು ತೊಡಕು: ಹೊಟೇಲ್ ಕಮಿಷನ್ ಸಾಮಾನ್ಯವಾಗಿ ಸಿಗುವುದು ಅತಿಥಿ ಉಳಿದುಹೋದ ಮೇಲೆ. ರದ್ದು ಮಾಡಿದರೆ ಏನೂ ಇಲ್ಲ.

ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳಿ. 2,000 ರೂಪಾಯಿಯ ಕೋಣೆ. ಜಾಲತಾಣಕ್ಕೆ ಹೊಟೇಲು ಕೊಡುವುದು 300. ಅದರಲ್ಲಿ ನಿಮಗೆ ಕಾಲು ಪಾಲು, ಅಂದರೆ 75 ರೂಪಾಯಿ. ತಿಂಗಳಿಗೆ 30,000 ಬೇಕಾದರೆ ರದ್ದಾಗದ 400 ಕೋಣೆಗಳು ಬೇಕು. ಲಿಂಕ್ ಒತ್ತಿದ ನೂರರಲ್ಲಿ ಒಬ್ಬರು ಕಾಯ್ದಿರಿಸಿದರೆ, ಪ್ರತಿ ತಿಂಗಳೂ 40,000 ಜನ ಅದನ್ನು ಒತ್ತಬೇಕು. ನಿಜವಾದ ದರಗಳು ಬೇರೆ ಇರಬಹುದು, ಆದರೆ ಕೆಲಸ ಬಿಡುವ ಮೊದಲು ಹಾಕಬೇಕಾದ ಲೆಕ್ಕ ಈ ಬಗೆಯದು.

2020 ಬಂದಾಗ ಈ ಕಸುಬಿನ ನೆಲ ಎಷ್ಟು ತೆಳುವೆಂದು ಗೊತ್ತಾಯಿತು. ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗೆ ಪ್ರಯಾಣಿಕ ವಿಮಾನಗಳ ನಿಯಮಿತ ಹಾರಾಟವೇ ಇರಲಿಲ್ಲ. ಯಾರೂ ಹೋಗದ ಊರಿನ ಲಿಂಕಿಗೆ ಬೆಲೆಯೂ ಇಲ್ಲ. ಅದೇ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಹಲವು ಬಗೆಯ ಸರಕಿನ ಕಮಿಷನ್ ಕಡಿತಗೊಳಿಸಿತು. ಪೀಠೋಪಕರಣಕ್ಕೆ ಶೇಕಡಾ 8 ಇದ್ದದ್ದು 3ಕ್ಕೆ ಇಳಿಯಿತು. ಘೋಷಣೆಗೂ ಜಾರಿಗೂ ನಡುವೆ ಇದ್ದದ್ದು ಒಂದು ವಾರ. 1995ರ ವಿಮಾನ ಏಜೆಂಟರ ಕಥೆ ಇನ್ನೊಂದು ಅಂಗಡಿಯಲ್ಲಿ ಮರುಕಳಿಸಿತ್ತು.

ಹಳೆಯ ಬಸ್ ಏಜೆಂಟನಿಗೂ ಲಿಂಕ್ ಹಂಚುವವನಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಬಸ್ಸಿನ ಮಾಲೀಕ ಪಾಲು ಕಡಿಮೆ ಮಾಡಿದರೆ ಏಜೆಂಟ ಅದೇ ಗಿರಾಕಿಗಳನ್ನು ಇನ್ನೊಂದು ಬಸ್ಸಿಗೆ ಹತ್ತಿಸಬಹುದಿತ್ತು. ಲಿಂಕ್ ಒತ್ತಿದವರ ಹೆಸರು, ಫೋನು, ಮುಂದಿನ ಪ್ರಯಾಣ ಎಲ್ಲ ಜಾಲತಾಣದ ಖಾತೆಗೆ ಸೇರುತ್ತದೆ. ಕರೆತಂದವನಿಗೆ ಉಳಿಯುವುದು ಒಂದು ಅಂಕಿ ಮಾತ್ರ.

ಹಾಗೆಂದು ಈ ದಾರಿಯೇ ಬೇಡವೆಂದಲ್ಲ. ಕುಕ್ ಮಾಡಿದ ಕೆಲಸದಲ್ಲಿ ಉಳಿಯುವಂಥದ್ದು ಆ ಕೈಪಿಡಿಯಂಥ ಮಾಹಿತಿ. ಡೊಂಬಿವಲಿಯ ಮನೆಯವರು ಮಕ್ಕಳೊಂದಿಗೆ ಕೊಲ್ಲೂರು, ಶೃಂಗೇರಿ, ಹೊರನಾಡು ಸುತ್ತಿ ಬರಲು ಎಲ್ಲಿ ಇಳಿಯಬೇಕು, ಘಟ್ಟ ಹತ್ತುವ ಬಸ್ಸು ಎಲ್ಲಿ ಸಿಗುತ್ತದೆ, ಮಳೆಗಾಲದಲ್ಲಿ ಏನು ಕಷ್ಟ ಎಂದು ಕನ್ನಡದಲ್ಲಿ ಸರಿಯಾಗಿ ಬರೆದುಕೊಡುವವರಿಗೆ ಓದುಗರು ಮರಳಿ ಬರುತ್ತಾರೆ. ಆ ಓದುಗರು ಜಾಲತಾಣದವರಲ್ಲ, ಬರೆದವರ ಗಿರಾಕಿಗಳು. ಲಿಂಕಿನಿಂದ ತನಗೆ ಪಾಲು ಬರುತ್ತದೆ ಎಂದು ಬಿಡಿಸಿ ಹೇಳಬೇಕೆಂಬುದು 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿಯ ಸಾರ. ಇಲಾಖೆ ಹೇಳದಿದ್ದರೂ ಅದನ್ನು ಪಾಲಿಸುವುದು ಲಾಭದ ಮಾತೇ, ಏಕೆಂದರೆ ನಂಬಿಕೆ ಹೋದರೆ ಮಾರಲು ಬೇರೇನೂ ಇರುವುದಿಲ್ಲ.

ಆದ್ದರಿಂದ ಸಂಬಳ ಬಿಟ್ಟು ಇದಕ್ಕಿಳಿಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಶೇಕಡಾ ಎಷ್ಟು ಸಿಗುತ್ತದೆ ಎಂಬುದಲ್ಲ. ನಾಳೆ ಒಂದು ಇಮೇಲ್ ಬಂದು ಆ ಶೇಕಡಾ ಅರ್ಧವಾದರೆ, ನಿಮ್ಮನ್ನೇ ಹುಡುಕಿಕೊಂಡು ಬರುವವರು ಎಷ್ಟು ಜನ?