ಒಂದೇ ಸಾಮಗ್ರಿ, ಎರಡು ಪ್ರಬಂಧ: ಆಕ್ಸ್‌ಫರ್ಡಿನಲ್ಲಿ ಎಂ.ಎನ್. ಶ್ರೀನಿವಾಸ್

ವಿದೇಶಕ್ಕೆ ಸಂಶೋಧನೆಗೆಂದು ಹೋದ ವಿದ್ಯಾರ್ಥಿಯ ಕಥೆಯನ್ನು ನಾವು ಸಾಮಾನ್ಯವಾಗಿ ಪ್ರಯಾಣ, ಚಳಿ, ವಿದ್ಯಾರ್ಥಿವೇತನ, ಪದವಿ ಎಂಬ ಕ್ರಮದಲ್ಲಿ ಹೇಳಿ ಮುಗಿಸುತ್ತೇವೆ. ಅವನ ಪ್ರಬಂಧದೊಳಗೆ ಏನು ನಡೆಯಿತೆಂದು ಕೇಳುವುದು ಅಪರೂಪ. ಮೈಸೂರಿನ ಎಂ.ಎನ್. ಶ್ರೀನಿವಾಸರ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳಲೇಬೇಕು. ಏಕೆಂದರೆ ಕೊಡವ ಸಮುದಾಯವೊಂದನ್ನೇ ಕುರಿತು ಅವರು ಎರಡು ಡಾಕ್ಟರೇಟ್ ಪ್ರಬಂಧಗಳನ್ನು ಬರೆದರು. ಒಂದು ಮುಂಬಯಿಯಲ್ಲಿ, ಇನ್ನೊಂದು ಆಕ್ಸ್‌ಫರ್ಡಿನಲ್ಲಿ.

1916ರಲ್ಲಿ ಜನಿಸಿದ ಶ್ರೀನಿವಾಸ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಘುರ್ಯೆಯವರ ಶಿಷ್ಯರಾದರು. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು ಕುರಿತ ಅವರ ಎಂ.ಎ. ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಕೊಡವರ ಬಗೆಗಿನ ಬೃಹತ್ ಪ್ರಬಂಧಕ್ಕೆ 1944ರಲ್ಲಿ ಪಿಎಚ್.ಡಿ. ಲಭಿಸಿತು. ಘುರ್ಯೆಯವರ ಗರಡಿಯಲ್ಲಿ ಸಂಗ್ರಹಕ್ಕೆ, ವಿವರಕ್ಕೆ, ಗ್ರಂಥಾಧ್ಯಯನಕ್ಕೆ ದೊಡ್ಡ ಬೆಲೆಯಿತ್ತು.

1945ರಲ್ಲಿ ಅವರು ಆಕ್ಸ್‌ಫರ್ಡ್ ಸೇರಿದರು. ಯುದ್ಧ ಆಗಷ್ಟೇ ಮುಗಿದಿದ್ದರೂ ಬ್ರಿಟನ್ನಿನಲ್ಲಿ ಪಡಿತರ ಮುಗಿದಿರಲಿಲ್ಲ. ಯುದ್ಧಕಾಲದಲ್ಲೂ ಮುಕ್ತವಾಗಿದ್ದ ಬ್ರೆಡ್ಡಿಗೆ 1946ರಲ್ಲಿ ಪಡಿತರ ಬಂತು. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ರ‍್ಯಾಡ್‌ಕ್ಲಿಫ್-ಬ್ರೌನ್. ಹೊಸ ಕ್ಷೇತ್ರಕಾರ್ಯಕ್ಕೆ ಹೋಗುವ ಬದಲು, ಕೊಡಗಿನ ಹಳೆಯ ಸಾಮಗ್ರಿಯನ್ನೇ ಧರ್ಮ ಮತ್ತು ಸಮಾಜಗಳ ಸಂಬಂಧದ ದೃಷ್ಟಿಯಿಂದ ಮತ್ತೆ ಪರಿಶೀಲಿಸುವುದೆಂದು ನಿಶ್ಚಯವಾಯಿತು.

ಈ ಮರುಓದಿನ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕೊಡವರಲ್ಲಿ 'ಮಂಗಲ' ಎಂಬ ಆಚರಣೆ ಮದುವೆಯಲ್ಲಿ ಮಾತ್ರವಲ್ಲ, ಹುಲಿಯನ್ನು ಕೊಂದ ವೀರನಿಗೂ ನಡೆಯುತ್ತಿತ್ತು. ಸಂಗ್ರಾಹಕನಿಗೆ ಇದೊಂದು ಸ್ವಾರಸ್ಯಕರ ಪದ್ಧತಿ. ರ‍್ಯಾಡ್‌ಕ್ಲಿಫ್-ಬ್ರೌನರ ಶಿಷ್ಯನಿಗಾದರೋ ಇಲ್ಲಿ ಬೇರೊಂದು ಪ್ರಶ್ನೆಯಿದೆ: ಒಬ್ಬ ವ್ಯಕ್ತಿಯ ಸ್ಥಾನ ಬದಲಾಗುವಾಗ ಸಮಾಜ ಅದನ್ನು ಹೇಗೆ ಎಲ್ಲರೆದುರು ಅಂಗೀಕರಿಸುತ್ತದೆ? ಹಾಗೆಯೇ ಮಡಿ-ಮೈಲಿಗೆಗಳು, ಒಕ್ಕದ ಹಿರಿಯರ ಪೂಜೆ, ನಾಡಿನ ಹಬ್ಬ ಇವೆಲ್ಲ ಬಿಡಿ ಸಂಗತಿಗಳಾಗಿ ಉಳಿಯದೆ, ಒಕ್ಕದಿಂದ ಊರಿಗೆ, ಊರಿನಿಂದ ನಾಡಿಗೆ ಹಬ್ಬುವ ಒಂದು ವ್ಯವಸ್ಥೆಯ ಅಂಗಗಳಾಗಿ ಕಂಡವು. 1947ರಲ್ಲಿ ಡಿ.ಫಿಲ್. ಪದವಿ ತಂದ ಈ ಪ್ರಬಂಧ 1952ರಲ್ಲಿ ಗ್ರಂಥರೂಪ ಪಡೆಯಿತು. 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆ ವಿದ್ವಲ್ಲೋಕಕ್ಕೆ ಪರಿಚಯವಾದದ್ದು ಈ ಗ್ರಂಥದ ಮೂಲಕ.

ಹಾಗಾದರೆ ಆಕ್ಸ್‌ಫರ್ಡ್ ಕಣ್ಣು ಕೊಟ್ಟಿತು, ಮುಂಬಯಿ ಬರಿಯ ಕಚ್ಚಾವಸ್ತು ಕೊಟ್ಟಿತು ಎಂದು ತೀರ್ಮಾನಿಸಬಹುದೆ? ನಾವು ಹಾಗೆ ಭಾವಿಸುವುದಿಲ್ಲ. ಘುರ್ಯೆಯವರು ಕಲಿಸಿದ ವಿವರನಿಷ್ಠೆ ಇಲ್ಲದಿದ್ದರೆ ಮರುಓದಿಗೆ ಒದಗುವಂಥದ್ದೇನೂ ಇರುತ್ತಿರಲಿಲ್ಲ. ಹೊಸ ಕಣ್ಣಿಗೂ ಮಿತಿಯಿತ್ತು. ಸಮಾಜದ ಒಗ್ಗಟ್ಟನ್ನು ಹುಡುಕುವ ಚೌಕಟ್ಟಿನಲ್ಲಿ ಒಡಕುಗಳು ಹಿಂದೆ ಸರಿಯುತ್ತವೆ. ಬ್ರಿಟಿಷ್ ಆಳ್ವಿಕೆಯೂ ಕಾಫಿ ತೋಟಗಳೂ ಕೊಡಗಿನಲ್ಲಿ ತಂದ ಪಲ್ಲಟಕ್ಕೆ ಆಚರಣೆಗಳಿಗೆ ದೊರೆತಷ್ಟು ಸ್ಥಳ ದೊರೆಯುವುದಿಲ್ಲ.

ವಿದೇಶದ ವ್ಯಾಸಂಗ ಅವರನ್ನು ಮತ್ತೆ ಕನ್ನಡದ ಹಳ್ಳಿಗೇ ಕಳಿಸಿತೆಂಬುದು ಗಮನಾರ್ಹ. ರ‍್ಯಾಡ್‌ಕ್ಲಿಫ್-ಬ್ರೌನರ ಉತ್ತರಾಧಿಕಾರಿ ಇವಾನ್ಸ್-ಪ್ರಿಚರ್ಡ್ ಅವರ ಬೆಂಬಲದಿಂದ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರಾದ ಶ್ರೀನಿವಾಸ್, 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿದರು. ಅದಕ್ಕೆ ಅವರು ಇಟ್ಟ ಹೆಸರು 'ರಾಮಪುರ'. ಮುಂದೆ ಬರೋಡಾ, ದೆಹಲಿಗಳಲ್ಲಿ ಅಧ್ಯಾಪನದ ನಡುವೆ ಆ ಟಿಪ್ಪಣಿಗಳನ್ನು ಸಂಸ್ಕರಿಸುತ್ತ ಬಂದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ, ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. ಬಳಿಕ ಬಹುಮಟ್ಟಿಗೆ ನೆನಪನ್ನೇ ನೆಚ್ಚಿ ಅವರು ಬರೆದ ರಾಮಪುರದ ಕಥನ 1976ರಲ್ಲಿ ಪ್ರಕಟವಾಯಿತು.

ಹೊರನಾಡಿನಲ್ಲಿ ಬಾಳುವ ನಮಗೆ ಈ ಚರಿತ್ರೆ ಒಂದು ಎಚ್ಚರವನ್ನು ಹೇಳುತ್ತದೆ. ದೂರ ಹೋದ ಮಾತ್ರಕ್ಕೆ ಊರು ಸ್ಪಷ್ಟವಾಗಿ ಕಾಣುವುದಿಲ್ಲ. ಶ್ರೀನಿವಾಸರಿಗೆ ಆಕ್ಸ್‌ಫರ್ಡಿನಲ್ಲಿ ಕೊಡಗು ಹೊಸದಾಗಿ ಕಂಡದ್ದು, ಹೊರಡುವ ಮೊದಲೇ ಅವರು ಅದನ್ನು ಶ್ರಮವಹಿಸಿ ನೋಡಿ, ಕೇಳಿ, ಬರೆದುಕೊಂಡಿದ್ದರಿಂದ.